ಅಕ್ಕನಿಗೆ ನಾಲ್ಕೇ ಕಾಲೇಜು

"ಬೆಟ್ಟದ್ದನ್ನ ಅಳಿಸಿಬಿಡು ಅಕ್ಕ. ಆಗ ಸರಿಯಾಗಿ ನಾಲ್ಕೇ ಉಳಿಯುತ್ತೆ," ಎಂದಳು ಬುಗುರಿ.

ಅಕ್ಕ ಅಳಿಸಲಿಲ್ಲ. ಸೀಮೆಸುಣ್ಣದ ಚೂರನ್ನು ಬೆರಳುಗಳ ನಡುವೆ ತಿರುಗಿಸುತ್ತ ಮುಂದಿದ್ದ ರಟ್ಟನ್ನೇ ನೋಡುತ್ತಿದ್ದಳು. ಫೋಮ್ ಸುತ್ತಿಕೊಂಡು ಬಂದಿದ್ದ ದೊಡ್ಡ ರಟ್ಟು ಅದು. ಅಪ್ಪನ ಅಂಗಡಿಯಲ್ಲಿ ಕಾಗದಕ್ಕಿಂತ ರಟ್ಟೇ ಹೆಚ್ಚು. ಅಪ್ಪ ಬಟ್ಟೆಗೆ ಗುರುತು ಹಾಕುವ ಸುಣ್ಣದಲ್ಲಿ ಅಕ್ಕ ಅದರ ಮೇಲೆ ಕಾಲೇಜುಗಳನ್ನು ಬರೆದಿದ್ದಳು.

ಅಪ್ಪ ಸೋಫಾ ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲು ತೆರೆದರೆ ಸಾಕು, ಬಟ್ಟೆ ಬಿಚ್ಚಿದ ಕುರ್ಚಿಗಳು, ಕಾಲು ಮುರಿದ ದಿವಾನುಗಳು, ಹೊಟ್ಟೆಯಿಂದ ಸ್ಪ್ರಿಂಗ್ ಹೊರಗೆ ಬಂದ ಸೋಫಾಗಳು ಎಲ್ಲ ಆಸ್ಪತ್ರೆಯ ರೋಗಿಗಳ ಹಾಗೆ ಸಾಲಾಗಿ ಕಾಣುತ್ತಿದ್ದವು. ಬುಗುರಿಗೆ ಆ ಹೆಸರಿಟ್ಟವರೂ ಅಪ್ಪನೇ. ಅವಳು ಒಂದು ಕಡೆ ನಿಂತವಳಲ್ಲ, ಕೂತವಳಲ್ಲ. ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೊಂದು ಹೆಸರಿತ್ತು. ಆದರೆ ಅದು ಟೀಚರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ.

ಅಕ್ಕನಿಗೆ ಹನ್ನೆರಡನೆಯ ತರಗತಿ ಮುಗಿದಿತ್ತು. ಇನ್ನು ಕಾಲೇಜಿಗೆ ಸೇರಬೇಕು. ಕಾಲೇಜಿಗೆ ಸೇರಿದ ಮೇಲೆ ದುಡ್ಡು ಕಟ್ಟಬೇಕು ಎನ್ನುವುದು ಬುಗುರಿಗೆ ಗೊತ್ತಿತ್ತು. ಆದರೆ 'ನನ್ನನ್ನು ಸೇರಿಸಿಕೊಳ್ಳಿ' ಎಂದು ಕೇಳುವುದಕ್ಕೂ ದುಡ್ಡು ಕಟ್ಟಬೇಕು ಎಂಬುದು ಗೊತ್ತಿರಲಿಲ್ಲ. ಒಂದೊಂದು ಅಪ್ಲಿಕೇಶನ್ನಿಗೂ ದುಡ್ಡು. ಅದಕ್ಕೇ ಅಮ್ಮ ಮೊದಲೇ ಹೇಳಿಬಿಟ್ಟಿದ್ದಳು: ನಾಲ್ಕು ಕಾಲೇಜಿಗೆ ಹಾಕು, ಐದನೆಯದರ ಮಾತು ಎತ್ತಬೇಡ.

ಮೊದಲು ರಟ್ಟಿನ ತುಂಬ ಕಾಲೇಜುಗಳಿದ್ದವು. ಈಗ ಐದು ಉಳಿದಿದ್ದವು. ಅವುಗಳಿಗೆ ದೊಡ್ಡ ದೊಡ್ಡ ಹೆಸರುಗಳಿದ್ದರೂ ಮನೆಯವರು ಇಟ್ಟುಕೊಂಡ ಹೆಸರುಗಳೇ ಬೇರೆ. ಗಾಜಿನ ಕಾಲೇಜು, ಏಕೆಂದರೆ ಫೋಟೋದಲ್ಲಿ ಅದಕ್ಕೆ ಗೋಡೆಯೇ ಇರಲಿಲ್ಲ, ಬರೀ ಗಾಜು. ಹಳೇ ಕಾಲೇಜು, ಅಲ್ಲಿ ಹುಡುಗರಿಗಿಂತ ಪಾರಿವಾಳಗಳೇ ಜಾಸ್ತಿ ಎಂದು ಅಪ್ಪ ಹೇಳುತ್ತಿದ್ದರು. ಆಮೇಲೆ ಹೆಣ್ಣುಮಕ್ಕಳ ಕಾಲೇಜು. ನೀರಿನ ಟ್ಯಾಂಕಿನ ಪಕ್ಕದಲ್ಲಿದ್ದ ಟ್ಯಾಂಕಿನ ಕಾಲೇಜು. ಮತ್ತೆ ಬೆಟ್ಟದ ಕಾಲೇಜು.

ಬುಗುರಿಯ ವೋಟು ಟ್ಯಾಂಕಿನ ಕಾಲೇಜಿಗೆ. ಅದು ಬಸ್ಸಿನಲ್ಲಿ ಹೋದರೆ ಹತ್ತಿ ಇಳಿಯುವಷ್ಟೇ ದೂರ. ಬೆಳಿಗ್ಗೆ ಹೋದ ಅಕ್ಕ ಸಂಜೆಗೆ ಮನೆಗೆ ಬಂದಿರುತ್ತಾಳೆ.

ಬೆಟ್ಟದ ಕಾಲೇಜಿಗೆ ಹೋಗಬೇಕಾದರೆ ಇಡೀ ರಾತ್ರಿ ರೈಲಿನಲ್ಲಿ ಕೂರಬೇಕು. ಹಾಗೆ ಹೋದ ಅಕ್ಕ ಯಾವ ಸಂಜೆಯೂ ಬರುವುದಿಲ್ಲ. ರಜೆಗೆ ಬರುತ್ತಾಳಂತೆ. ರಜೆಗೆ ಬರುವವರನ್ನು ನೆಂಟರು ಅನ್ನುತ್ತಾರೆ, ಅಕ್ಕ ಅನ್ನುವುದಿಲ್ಲ.

ಆದರೆ ಅಕ್ಕನಿಗೆ ಕಲ್ಲಿನ ಹುಚ್ಚು. ಇಬ್ಬರೂ ಮಲಗುವ ಮಂಚದ ಕೆಳಗೆ ಒಂದು ಪೆಟ್ಟಿಗೆ ತುಂಬ ಕಲ್ಲುಗಳಿದ್ದವು. ಕೆಂಪು ಗೆರೆಯದು, ಹೊಳೆಯುವ ಪುಡಿಯದು, ಬಿಸ್ಕತ್ತಿನ ಹಾಗೆ ಪದರ ಪದರವಾಗಿರುವುದು. ಯಾವ ಕಲ್ಲು ಎಷ್ಟು ಹಳೆಯದು, ಅದು ಹೇಗೆ ಬೆಂದಿತು, ಹೇಗೆ ತಣ್ಣಗಾಯಿತು ಎಂದು ಅಕ್ಕ ಹೇಳುತ್ತಿದ್ದರೆ ಒಲೆಯ ಮೇಲಿನ ಅಡುಗೆಯ ವಿಷಯ ಹೇಳಿದ ಹಾಗಿರುತ್ತಿತ್ತು. ಕಲ್ಲಿನ ಪಾಠಕ್ಕೇ ಒಂದು ಇಡೀ ಕಟ್ಟಡ ಇದ್ದದ್ದು ಬೆಟ್ಟದ ಕಾಲೇಜಿನಲ್ಲಿ ಮಾತ್ರ. ಟ್ಯಾಂಕಿನ ಕಾಲೇಜಿನಲ್ಲೂ ಆ ಪಾಠ ಇತ್ತು, ಆದರೆ ಅದಕ್ಕೆ ಫೀಸು ಬೇರೆ.

ಅಕ್ಕ ಪ್ರತಿ ಕಾಲೇಜಿನ ಮುಂದೆಯೂ ಬರೆದದ್ದು ಫೀಸು ಒಂದನ್ನೇ ಅಲ್ಲ. ಊಟ, ಹಾಸ್ಟೆಲ್, ಬಸ್ಸು, ಪುಸ್ತಕ ಎಲ್ಲವನ್ನೂ ಬರೆದಿದ್ದಳು. ಹಾಗೆ ಬರೆಯಲು ಹೇಳಿಕೊಟ್ಟವರು ಅಪ್ಪ. "ಫೀಸು ಅನ್ನೋದು ಸೋಫಾದ ಬಟ್ಟೆ ಇದ್ದ ಹಾಗೆ. ಕಣ್ಣಿಗೆ ಕಾಣೋದು ಅದೊಂದೇ. ದುಡ್ಡೆಲ್ಲ ಹೋಗೋದು ಒಳಗಿನ ಮರಕ್ಕೆ, ಫೋಮಿಗೆ," ಎಂದಿದ್ದರು.

ಬೆಟ್ಟದ ಕಾಲೇಜಿನ ಬಟ್ಟೆ ಅಗ್ಗವಾಗಿತ್ತು. ಒಳಗಿನ ಮರ, ಫೋಮು ದುಬಾರಿಯಾಗಿತ್ತು. ಹಾಸ್ಟೆಲ್ ಸೇರಿಸಿದರೆ ಮೊತ್ತ ಅಪ್ಪನ ಕೈಗೆ ಎಟುಕುತ್ತಿರಲಿಲ್ಲ.

"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು," ಎಂದಳು ಅಮ್ಮ. ಅವಳು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಹಾಸಿಗೆಯ ಬೆಡ್‌ಶೀಟು ಮಡಿಸುವವಳು. ಹಾಸಿಗೆಯ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲ.

"ನಾನು ಸೋಫಾದವನು. ಬೇಕಾದ್ರೆ ಇನ್ನೊಂದು ಅಡಿ ಉದ್ದ ಮಾಡಿಕೊಡ್ತೀನಿ," ಎಂದರು ಅಪ್ಪ. ಬುಗುರಿ, ಅಕ್ಕ ಇಬ್ಬರೂ ನಕ್ಕರು. ಅಮ್ಮ ನಗಲಿಲ್ಲ.

ಅಕ್ಕ ಕೊನೆಗೆ ಗಾಜಿನ ಕಾಲೇಜನ್ನು ಅಳಿಸಿದಳು. ಬೆಟ್ಟದ ಕಾಲೇಜಿನ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದಳು. ತಾನು ಅಲ್ಲಿಗೆ ಒಂದು ಕಾಗದ ಬರೆದಿರುವುದಾಗಿಯೂ, ಹಾಸ್ಟೆಲ್ಲಿಗೆ ಏನಾದರೂ ರಿಯಾಯಿತಿ ಇದೆಯೇ ಎಂದು ಕೇಳಿರುವುದಾಗಿಯೂ ಹೇಳಿದಳು. ಉತ್ತರ ಬರುವವರೆಗೆ ಅದು ಇರಲಿ ಎಂದಳು.

ಉತ್ತರ ಬೇಗ ಬರಲಿಲ್ಲ. ಬುಗುರಿ ದಿನವೂ ಶಾಲೆಯಿಂದ ಬಂದವಳೇ ಅಕ್ಕನ ಮುಖ ನೋಡುತ್ತಿದ್ದಳು. ಇವತ್ತೂ ಬಂದಿಲ್ಲ ಎಂದು ತಿಳಿದ ಮೇಲೆ ಹಾಯಾಗಿ ಚೀಲ ಬಿಸಾಡಿ ಆಟಕ್ಕೆ ಓಡುತ್ತಿದ್ದಳು.

ಶಾಲೆಯಲ್ಲಿ ಪರೀಕ್ಷೆ ಶುರುವಾದ ಮೇಲೆ ಮಧ್ಯಾಹ್ನಕ್ಕೇ ಮನೆಗೆ ಬಿಡುತ್ತಿದ್ದರು. ಹಾಗೊಂದು ಮಧ್ಯಾಹ್ನ ಬುಗುರಿ ಒಬ್ಬಳೇ ಅಂಗಡಿಯಲ್ಲಿದ್ದಳು. ಅಪ್ಪ ಫೋಮ್ ತರಲು ಹೋಗಿದ್ದರು. ಅಮ್ಮ ಹೋಟೆಲಿನಲ್ಲಿದ್ದಳು. ಅಕ್ಕ ಪಕ್ಕದ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಲು ಹೋಗಿದ್ದಳು. ಆಗ ಫೋನು ರಿಂಗಾಯಿತು.

ಮನೆಗೆಲ್ಲ ಅದೊಂದೇ ಫೋನು. ಬಟನ್ ಒತ್ತುವ ಹಳೆಯ ಮೊಬೈಲು. ಒಮ್ಮೆ ಅದು ಯಾರದೋ ಸೋಫಾದ ಒಳಗೆ ಸೇರಿ, ಹೊಲಿಗೆ ಹಾಕಿಸಿಕೊಂಡು, ಅವರ ಮನೆಗೇ ಹೋಗಿಬಿಟ್ಟಿತ್ತು. ಅಂದಿನಿಂದ ಅಪ್ಪ ಅದಕ್ಕೆ ದಾರ ಕಟ್ಟಿ ಹೊಲಿಗೆ ಮಷಿನ್ನಿಗೆ ಬಿಗಿದಿದ್ದರು.

"ಸೋಫಾ ರಿಪೇರಿ, ಹೇಳಿ," ಎಂದಳು ಬುಗುರಿ. ಹಾಗೆಯೇ ಹೇಳಬೇಕೆಂದು ಅಪ್ಪ ಕಲಿಸಿದ್ದರು.

ಆ ಕಡೆಯಿಂದ ಒಬ್ಬ ಹೆಂಗಸಿನ ದನಿ. ಬೆಟ್ಟದ ಕಾಲೇಜಿನ ಹಾಸ್ಟೆಲ್ ಆಫೀಸಿನವರು. ಅಕ್ಕ ಇಲ್ಲ ಎಂದಾಗ ಹಾಗಾದರೆ ನೀನೇ ಗಮನವಿಟ್ಟು ಕೇಳಿಕೋ ಎಂದು ನಿಧಾನವಾಗಿ ಹೇಳಿದರು. ಅಕ್ಕನಂಥ ಮಕ್ಕಳಿಗೆ ಹಾಸ್ಟೆಲ್ ಪೂರ್ತಿ ಫ್ರೀ ಇದೆ. ಅಪ್ಲಿಕೇಶನ್ನಿಗೂ ದುಡ್ಡು ಕಟ್ಟಬೇಕಿಲ್ಲ. ಆದರೆ ಅಪ್ಪನ ಆದಾಯದ ಸರ್ಟಿಫಿಕೇಟು, ಶಾಲೆಯ ಹೆಡ್ ಮೇಡಂ ಕೊಟ್ಟ ಪತ್ರ ಎರಡೂ ಇ-ಮೇಲ್‌ನಲ್ಲಿ ಇವತ್ತೇ ಕಳಿಸಬೇಕು. ನಾಳೆ ಬೆಳಿಗ್ಗೆ ಮೀಟಿಂಗು, ಆಮೇಲೆ ಬಂದದ್ದನ್ನು ನೋಡುವುದಿಲ್ಲ.

ಇ-ಮೇಲ್ ವಿಳಾಸವನ್ನು ಅವರು ಒಂದೊಂದೇ ಅಕ್ಷರ ಹೇಳಿದರು. ಬುಗುರಿ ಸುತ್ತಮುತ್ತ ನೋಡಿದಳು. ಕಾಗದವೂ ಇಲ್ಲ, ಪೆನ್ನೂ ಇಲ್ಲ. ದಾರ ಕಟ್ಟಿದ ಫೋನು ಅವಳನ್ನು ದೂರ ಹೋಗಲು ಬಿಡಲಿಲ್ಲ. ಕೈಗೆ ಸಿಕ್ಕ ಸುಣ್ಣದಲ್ಲಿ ಪಕ್ಕದಲ್ಲೇ ನಿಂತಿದ್ದ ಸೋಫಾದ ಬರಿಯ ಮರದ ಮೇಲೆ ಬರೆದುಕೊಂಡಳು.

"ಬರ್ಕೊಂಡ್ಯಾ ಮರಿ? ಮರೀಬೇಡ. ನಿಮ್ಮಕ್ಕನ ಕಾಗದ ನಾವೆಲ್ಲ ಓದಿದ್ವಿ. ಕಲ್ಲಿನ ಬಗ್ಗೆ ಎಷ್ಟು ಚೆನ್ನಾಗಿ ಬರೆದಿದ್ದಾಳೆ," ಎಂದು ಹೇಳಿ ಅವರು ಫೋನಿಟ್ಟರು.

ಬುಗುರಿ ಮರದ ಮೇಲಿನ ಬಿಳಿ ಅಕ್ಷರಗಳನ್ನು ನೋಡುತ್ತ ನಿಂತಳು. ಒಂದು ಕಡೆ ನಿಲ್ಲದವಳು ತುಂಬ ಹೊತ್ತು ನಿಂತಳು.

ಹೇಳಬಾರದು ಎಂದು ಅವಳು ತೀರ್ಮಾನ ಮಾಡಲಿಲ್ಲ. ಅಕ್ಕ ಬಂದ ಕೂಡಲೇ ಹೇಳಿದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಅಪ್ಪ ಫೋಮ್ ಹೊತ್ತುಕೊಂಡು ಬಂದರು. ಆ ಸೋಫಾ ಮುಖ್ಯ ರಸ್ತೆಯ ಹಲ್ಲಿನ ಡಾಕ್ಟರಮ್ಮನದು. ಸಂಜೆ ಟೆಂಪೋ ತರುತ್ತಾರಂತೆ, ಅಷ್ಟರಲ್ಲಿ ಮುಗಿಯಬೇಕು. ಅಪ್ಪನಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಸೋಫಾದ ಮರದ ಮೇಲೆ ಯಾವಾಗಲೂ ಸುಣ್ಣದ ಗುರುತುಗಳಿರುತ್ತಿದ್ದವು, ಅವರು ಅದನ್ನು ಗಮನಿಸಲೂ ಇಲ್ಲ. ಗೋಂದು ಸವರಿ ಫೋಮ್ ಅಂಟಿಸಿದರು. ಅದರ ಮೇಲೆ ನೀಲಿ ಬಟ್ಟೆ ಹಾಸಿದರು.

"ಬುಗುರಿ, ಈ ಮೂಲೆ ಎಳೆದು ಹಿಡ್ಕೋ," ಎಂದರು.

ಬುಗುರಿ ಎಳೆದು ಹಿಡಿದಳು. ಅಪ್ಪ ಪಿನ್ನು ಹೊಡೆಯುವ ಗನ್ನಿನಿಂದ ಟಕ್, ಟಕ್, ಟಕ್ ಎಂದು ಹೊಡೆಯುತ್ತ ಹೋದರು. ಒಂದೊಂದು ಟಕ್ಕಿಗೂ ಅವಳು ಕಣ್ಣು ಮಿಟುಕಿಸಿದಳು. ಆದರೆ ಕೈ ಬಿಡಲಿಲ್ಲ, ಬಾಯಿ ಬಿಡಲಿಲ್ಲ.

ಸಂಜೆ ಅಮ್ಮ ಬಂದಳು. ಅಕ್ಕ ಬಂದಳು. ಅಕ್ಕ ಕೈಕಾಲು ತೊಳೆದು ನೇರವಾಗಿ ರಟ್ಟಿನ ಮುಂದೆ ಕೂತಳು. ಒದ್ದೆ ಬಟ್ಟೆಯಿಂದ ಬೆಟ್ಟದ ಕಾಲೇಜನ್ನು ಒರೆಸಿದಳು.

"ಇನ್ನು ಕಾಯೋಕಾಗಲ್ಲ. ಅಪ್ಲಿಕೇಶನ್ ಹಾಕೋ ದಿನ ಹತ್ತಿರ ಬಂತು," ಎಂದಳು. ಆ ಜಾಗದಲ್ಲಿ 'ಸಂಜೆ ಕಾಲೇಜು' ಎಂದು ಬರೆದಳು. ಟ್ಯಾಂಕಿನ ಕಾಲೇಜಿನಲ್ಲೂ ಕಲ್ಲಿನ ಪಾಠ ಬೇಡ, ಅದಕ್ಕೆ ಫೀಸು ಹೆಚ್ಚು, ಲೆಕ್ಕಪತ್ರದ ಪಾಠ ತೆಗೆದುಕೊಂಡರೆ ಅರ್ಧಕ್ಕೆ ಆಗುತ್ತದೆ, ಕೆಲಸವೂ ಬೇಗ ಸಿಗುತ್ತದೆ ಎಂದು ಅಮ್ಮನಿಗೆ ವಿವರಿಸಿದಳು. ದನಿ ಸರಿಯಾಗಿಯೇ ಇತ್ತು. ಆಮೇಲೆ ಬುಗುರಿಯ ಕಡೆ ತಿರುಗಿ, "ನೀನೇ ಗೆದ್ದೆ ಕಣೇ. ಟ್ಯಾಂಕಿನ ಕಾಲೇಜೇ ಗಟ್ಟಿ," ಎಂದು ನಕ್ಕಳು.

ಗೆದ್ದವಳಿಗೆ ಕುಣಿಯಬೇಕು ಎನಿಸಲಿಲ್ಲ.

ಅಕ್ಕ ಎದ್ದು ಒಳಗೆ ಹೋದಳು. ಮಂಚದ ಕೆಳಗಿನಿಂದ ಏನೋ ಎಳೆಯುವ ಸದ್ದಾಯಿತು. ಕಲ್ಲಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಬಂದು ಅಪ್ಪನ ಮುಂದೆ ಇಟ್ಟಳು.

"ಫೋಮ್ ಅಂಟಿಸುವಾಗ ಭಾರಕ್ಕೆ ಏನೂ ಸಿಗಲ್ಲ ಅಂತೀರಲ್ಲ ಅಪ್ಪ. ಇದನ್ನ ಇಟ್ಕೊಳ್ಳಿ. ಸುಮ್ನೆ ಮಂಚದ ಕೆಳಗೆ ಧೂಳು ತಿಂತಿವೆ."

ಅಪ್ಪ ಪೆಟ್ಟಿಗೆಯನ್ನು ನೋಡಿದರು. ತಮಾಷೆಯ ಮಾತು ಸದಾ ನಾಲಗೆಯ ತುದಿಯಲ್ಲಿ ಇರುತ್ತಿದ್ದ ಅಪ್ಪ ಗನ್ನಿಗೆ ಪಿನ್ನು ತುಂಬುವವರಂತೆ ತಲೆ ತಗ್ಗಿಸಿದರು. ಗನ್ನಿನಲ್ಲಿ ಪಿನ್ನು ಮೊದಲೇ ತುಂಬಿತ್ತು.

"ಫೋನ್ ಬಂದಿತ್ತು," ಎಂದಳು ಬುಗುರಿ.

ದನಿ ಎಷ್ಟು ಸಣ್ಣಗಿತ್ತೆಂದರೆ ಯಾರಿಗೂ ಕೇಳಿಸಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. "ಬೆಟ್ಟದ ಕಾಲೇಜಿಂದ ಫೋನ್ ಬಂದಿತ್ತು. ಮಧ್ಯಾಹ್ನ."

ಎಲ್ಲವನ್ನೂ ಹೇಳಿದಳು. ಹಾಸ್ಟೆಲ್ ಫ್ರೀ ಎಂದದ್ದು, ಎರಡು ಕಾಗದ ಕಳಿಸಬೇಕು ಎಂದದ್ದು, ನಾಳೆಯ ಮೀಟಿಂಗು. ಅಕ್ಕ ಅವಳ ಮುಂದೆ ಮಂಡಿಯೂರಿ ಕೂತಳು.

"ಹೇಳೋದು ಮರೆತುಬಿಟ್ಟಿದ್ಯಾ?"

ಹೌದು ಎಂದರೆ ಸಾಕಿತ್ತು. ಮಕ್ಕಳು ಮರೆಯುತ್ತಾರೆ, ದೊಡ್ಡವರು ಬೈದು ಸುಮ್ಮನಾಗುತ್ತಾರೆ. ಬುಗುರಿಗೆ ಅದೂ ಹೊಳೆಯಿತು.

"ಇಲ್ಲ," ಎಂದಳು. "ಮರೆತಿರಲಿಲ್ಲ."

ಅಕ್ಕನ ಮುಖ ಬಾಗಿಲು ಮುಚ್ಚಿಕೊಂಡ ಹಾಗಾಯಿತು. ಬೈಯಲಿಲ್ಲ. ಎದ್ದು ಫೋನಿನ ಹತ್ತಿರ ಹೋಗಿ ಅದೇ ನಂಬರಿಗೆ ಮಾಡಿದಳು. ರಿಂಗಾಯಿತು, ರಿಂಗಾಯಿತು. ಆಫೀಸಿನ ಸಮಯ ಮುಗಿದಿದೆ ಎಂದು ರೆಕಾರ್ಡ್ ಮಾಡಿದ ದನಿ ಹೇಳಿತು.

"ಇ-ಮೇಲ್ ವಿಳಾಸ ಎಲ್ಲಿ ಬರ್ಕೊಂಡೆ?" ಎಂದು ಕೇಳಿದಳು ಅಮ್ಮ.

ಬುಗುರಿ ನೀಲಿ ಸೋಫಾದ ಕಡೆ ಬೆರಳು ತೋರಿಸಿದಳು. "ಅದರೊಳಗೆ."

ಅದೇ ಹೊತ್ತಿಗೆ ಹೊರಗೆ ಟೆಂಪೋ ಬಂದು ನಿಂತಿತು. ಹಲ್ಲಿನ ಡಾಕ್ಟರಮ್ಮ ಒಳಗೆ ಬಂದು, ಸೋಫಾ ತುಂಬ ಚೆನ್ನಾಗಿ ಆಗಿದೆ ಎಂದು ಹೊಗಳಿದರು. ಅವರ ಮಾತು ಮುಗಿಯುವ ಮೊದಲೇ ಅಪ್ಪ ಅದನ್ನು ಬೋರಲು ಹಾಕಿ ಮೊದಲನೆಯ ಪಿನ್ನನ್ನು ಕಿತ್ತರು.

"ಏನ್ರೀ ಮಾಡ್ತಿದ್ದೀರಾ?"

"ಸ್ವಲ್ಪ ಕೂತ್ಕೊಳ್ಳಿ ಮೇಡಂ."

"ಎಲ್ಲಿ ಕೂರಲಿ? ನನ್ನ ಸೋಫಾನೇ ಬಿಚ್ಚಿ ಹಾಕ್ತಿದ್ದೀರಲ್ಲ."

ಅಮ್ಮ ಅವರನ್ನು ಬದಿಗೆ ಕರೆದು ನಡೆದದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಡಾಕ್ಟರಮ್ಮನಿಗೆ ಸಿಟ್ಟು ಬಂದಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಬಂದ ಟೆಂಪೋದ ಬಾಡಿಗೆ ಯಾರು ಕೊಡುತ್ತಾರೆ ಎಂದು ಕೇಳಿದರು. ನಾನೇ ಕೊಡುತ್ತೇನೆ ಎಂದರು ಅಪ್ಪ, ಪಿನ್ನು ಕೀಳುವುದನ್ನು ನಿಲ್ಲಿಸದೆ. ಡಾಕ್ಟರಮ್ಮ ಬಾಗಿಲವರೆಗೆ ಹೋದವರು ತಿರುಗಿ ನಿಂತು, ನಾಳೆ ಕ್ಲಿನಿಕ್ ತೆಗೆಯುವ ಹೊತ್ತಿಗೆ ಸೋಫಾ ಅಲ್ಲಿರಬೇಕು, ರೋಗಿಗಳನ್ನು ನೆಲದ ಮೇಲೆ ಕೂರಿಸೋಕಾಗಲ್ಲ ಎಂದರು. ಆಮೇಲೆ ಸ್ವಲ್ಪ ಮೆತ್ತಗೆ, "ಹೀಗೆ ಅವಸರದಲ್ಲಿ ನಾನು ಹಲ್ಲು ಕಿತ್ತರೆ ನನ್ನ ಹತ್ತಿರ ಯಾರೂ ಬರಲ್ಲ," ಎಂದು ಹೇಳಿ ಹೋದರು.

ಪಿನ್ನುಗಳು ಹೊಡೆಯುವಾಗ ಎಷ್ಟು ಸಲೀಸೋ ಕೀಳುವಾಗ ಅಷ್ಟೇ ಹಟಮಾರಿಗಳು. ಬುಗುರಿ ಕೆಳಗೆ ಕೂತು ಬಿದ್ದ ಪಿನ್ನುಗಳನ್ನು ಡಬ್ಬಿಗೆ ಆರಿಸಿದಳು. ಬೆರಳಿಗೆ ಚುಚ್ಚಿತು. ಯಾರಿಗೂ ತೋರಿಸಲಿಲ್ಲ. ಬಟ್ಟೆಯ ಒಂದು ಮೂಲೆ ಪರ್ರೆಂದು ಹರಿಯಿತು. ಅಪ್ಪನ ಕೈ ಒಂದು ಕ್ಷಣ ನಿಂತು ಮತ್ತೆ ಮುಂದುವರಿಯಿತು.

ಫೋಮ್ ಎತ್ತಿದಾಗ ಅದಕ್ಕೆ ಅಂಟಿಕೊಂಡು ಸುಣ್ಣದ ಪುಡಿಯೂ ಎದ್ದು ಬಂತು. ಅಕ್ಷರಗಳು ಮಸುಕಾಗಿದ್ದವು. ಆದರೂ ಓದಬಹುದಿತ್ತು, ಒಂದನ್ನು ಬಿಟ್ಟು. ನಡುವಿನ ಒಂದು ಅಕ್ಷರದ ಮೇಲೆ ಗೋಂದು ಮೆತ್ತಿತ್ತು.

"ಇದು ಎನ್ನಾ? ಎಮ್ಮಾ?" ಅಕ್ಕ ಬಗ್ಗಿ ನೋಡಿದಳು. 'ಮರೆತಿರಲಿಲ್ಲ' ಎಂದ ಮೇಲೆ ಅವಳು ಬುಗುರಿಯ ಮುಖ ನೋಡಿದ್ದು ಅದೇ ಮೊದಲು.

ಬುಗುರಿ ಕಣ್ಣು ಮುಚ್ಚಿಕೊಂಡಳು. ಆ ದನಿ ಮತ್ತೆ ಕೇಳಿಸಿತು. "ಎಮ್. ಮಂಗನ ಎಮ್ ಅಂದ್ರು ಅವರು. ನನಗೆ ನಗು ಬಂತು, ಅದಕ್ಕೇ ನೆನಪಿದೆ."

ಅಕ್ಕ ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡಳು. ರಿಯಾಯಿತಿ ಕೇಳುವಾಗಲೇ ತೆಗೆಸಿಟ್ಟಿದ್ದ ಎರಡೂ ಕಾಗದಗಳು ಅವಳ ಫೈಲಿನಲ್ಲಿ ಸಿದ್ಧವಾಗಿಯೇ ಇದ್ದವು. ಫೈಲು ಎತ್ತಿಕೊಂಡು ಓಡಿದಳು. ಬುಗುರಿ ಹಿಂದೆಯೇ ಓಡಿದಳು. ಅಕ್ಕ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಬೀದಿಯ ಕೊನೆಯ ಇಂಟರ್ನೆಟ್ ಸೆಂಟರಿನವನು ಆಗಲೇ ಅರ್ಧ ಶಟರ್ ಎಳೆದಿದ್ದ. ಅಕ್ಕ ಬಗ್ಗಿ ಒಳಗೆ ನುಗ್ಗಿದಳು. ಕಾಗದಗಳನ್ನು ಸ್ಕ್ಯಾನ್ ಮಾಡಿಸಿದಳು. ಅಂಗೈ ನೋಡಿಕೊಂಡು ಟೈಪ್ ಮಾಡಿದಳು. ಕಳಿಸಿದ ಮೇಲೂ ತುಂಬ ಹೊತ್ತು ಪರದೆಯನ್ನೇ ನೋಡುತ್ತ ನಿಂತಳು, ಎಲ್ಲಿ ತಿರುಗಿ ಬಂದುಬಿಡುತ್ತದೋ ಎನ್ನುವಂತೆ. ತಿರುಗಿ ಬರಲಿಲ್ಲ.

ಮನೆಗೆ ಬಂದಾಗ ಅಪ್ಪ ಅಮ್ಮ ಇಬ್ಬರೂ ಸೋಫಾದ ಮುಂದೆ ಕೂತಿದ್ದರು. ಹರಿದ ಮೂಲೆಗೆ ಬೇರೆ ಬಟ್ಟೆ ಬೇಕಾಗಿತ್ತು. ಅಮ್ಮ ಹೋಟೆಲಿನ ಬೆಡ್‌ಶೀಟು ಮಡಿಸುವ ಹಾಗೆ ಮೂಲೆಗಳನ್ನು ಮಡಿಸಿ ಹಿಡಿಯುತ್ತಿದ್ದಳು, ಅಪ್ಪ ಹೊಡೆಯುತ್ತಿದ್ದರು. ಬುಗುರಿ ಹೋಗಿ ಇನ್ನೊಂದು ಮೂಲೆ ಹಿಡಿದಳು. ಅಮ್ಮ ಅವಳನ್ನು ಗದರಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಗದರಿದ್ದರೇ ಚೆನ್ನಾಗಿತ್ತು ಎನಿಸಿತು ಬುಗುರಿಗೆ.

ಮರುದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಜಡೆ ಹಾಕಲು ಕೂರಿಸಿಕೊಂಡಳು. ಎಂದಿಗಿಂತ ಬಿಗಿಯಾಗಿ ಎಳೆದಳು. ಒಂದು ಜಡೆ ಮುಗಿದು ಇನ್ನೊಂದು ಶುರುವಾದ ಮೇಲೆ ಅಕ್ಕ ಕೇಳಿದಳು.

"ನಾನು ಹೋಗಬಾರದು ಅಂತ ತಾನೇ ಹೇಳಲಿಲ್ಲ?"

"ಹೂಂ."

ಅಕ್ಕ ಬಾಚಣಿಗೆಯಿಂದ ಒಂದು ಸಿಕ್ಕು ಬಿಡಿಸಿದಳು.

"ನಿನ್ನೆ ನನಗೆ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಇನ್ನೂ ಪೂರ್ತಿ ಹೋಗಿಲ್ಲ."

"ಗೊತ್ತು. ಜಡೇಲಿ ಗೊತ್ತಾಗ್ತಿದೆ."

ಅಕ್ಕನ ಮೂಗಿನಿಂದ ನಗುವಿನಂಥ ಗಾಳಿಯೊಂದು ಹೊರಟಿತು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನನಗೂ ಭಯ ಇದೆ ಕಣೇ. ಅಲ್ಲಿ ಯಾರೂ ಗೊತ್ತಿಲ್ಲ. ಉತ್ತರ ಬರಲಿಲ್ಲ ಅಂತ ಬೆಟ್ಟದ ಕಾಲೇಜು ಅಳಿಸಿದೆನಲ್ಲ, ಆಗ ಅಳು ಬಂತು. ಜೊತೆಗೆ, ಸದ್ಯ ಹೋಗಬೇಕಾಗಿಲ್ಲ ಅಂತಾನೂ ಒಂಚೂರು ಅನ್ನಿಸ್ತು. ಯಾರಿಗೂ ಹೇಳಬೇಡ."

ಬುಗುರಿ ತಿರುಗಿ ನೋಡಬೇಕೆಂದುಕೊಂಡಳು. ಜಡೆ ಅಕ್ಕನ ಕೈಯಲ್ಲಿತ್ತು. ಅಕ್ಕನಿಗೂ ಭಯವಾಗುತ್ತದೆ ಎಂಬುದನ್ನು ಅವಳು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಜಿರಲೆ ಹೊಡೆಯುವವಳು, ಲೆಕ್ಕ ಹೇಳಿಕೊಡುವವಳು, ಕರೆಂಟು ಹೋದಾಗ ಮೊದಲು ಎದ್ದು ಹೋಗುವವಳು ಅಕ್ಕ.

ಬೆಟ್ಟದ ಕಾಲೇಜಿನ ಉತ್ತರ ಆ ವಾರವೇ ಬಂತು. ಕಾಗದಗಳು ಸರಿಯಾಗಿವೆ. ಸೀಟು ಸಿಕ್ಕರೆ ಹಾಸ್ಟೆಲ್ ಫ್ರೀ. ಸೀಟು ಸಿಗುತ್ತದೋ ಇಲ್ಲವೋ ಮಾರ್ಕ್ಸ್ ನೋಡಿ ಹೇಳುತ್ತಾರೆ. ಅಕ್ಕ ರಟ್ಟಿನ ಮೇಲೆ ಸಂಜೆ ಕಾಲೇಜನ್ನು ಒರೆಸಿ ಬೆಟ್ಟದ ಕಾಲೇಜನ್ನು ಮತ್ತೆ ಬರೆದಳು. ಈ ಸಲ ಅಪ್ಪ ಕೂಡಿಸಿ ನೋಡಿದರು, ಅಮ್ಮ ಕೂಡಿಸಿ ನೋಡಿದಳು. ಎಲ್ಲಕ್ಕಿಂತ ದೂರದ ಕಾಲೇಜೇ ಎಲ್ಲಕ್ಕಿಂತ ಅಗ್ಗವಾಗಿತ್ತು.

ಒಂದು ಅಪ್ಲಿಕೇಶನ್ನಿನ ದುಡ್ಡು ಉಳಿಯಿತಲ್ಲ, ಗಾಜಿನದಕ್ಕೂ ಒಂದು ಹಾಕಿಬಿಡು ಎಂದರು ಅಪ್ಪ. ಅಕ್ಕ ಬೇಡವೆಂದಳು. ಅಲ್ಲಿ ಸೀಟು ಸಿಕ್ಕರೂ ಕಟ್ಟುವುದು ಎಲ್ಲಿಂದ? ಆ ದುಡ್ಡು ಡಾಕ್ಟರಮ್ಮನ ಸೋಫಾದ ಬಟ್ಟೆಗೂ ಟೆಂಪೋಗೂ ಆಗಲಿ ಎಂದಳು. ಅಮ್ಮ ಕಲ್ಲಿನ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಹೋಗಿ ಮಂಚದ ಕೆಳಗೆ ತಳ್ಳಿ ಬಂದಳು. ಅವಳು ಆಡಿದ ದೊಡ್ಡ ಮಾತೆಂದರೆ ಅದೇ.

ಭಾನುವಾರ ಅಕ್ಕ ತಂಗಿ ಇಬ್ಬರೂ ಅಪ್ಲಿಕೇಶನ್ ತುಂಬಲು ಇಂಟರ್ನೆಟ್ ಸೆಂಟರಿಗೆ ಹೋದರು. ಹಳೇ ಕಾಲೇಜು, ಹೆಣ್ಣುಮಕ್ಕಳ ಕಾಲೇಜು, ಟ್ಯಾಂಕಿನ ಕಾಲೇಜು ಮೂರೂ ಮುಗಿದವು. ಕೊನೆಗೆ ಬೆಟ್ಟದ ಕಾಲೇಜು. ಹೆಸರು, ವಿಳಾಸ, ಮಾರ್ಕ್ಸ್ ಎಲ್ಲ ತುಂಬಿದ ಮೇಲೆ ಒಂದು ಪ್ರಶ್ನೆ ಇತ್ತು. ನೀವು ಅರ್ಜಿ ಹಾಕುತ್ತಿರುವ ಕಾಲೇಜುಗಳಲ್ಲಿ ನಮ್ಮದು ಎಷ್ಟನೆಯ ಆಯ್ಕೆ?

ಅಕ್ಕನ ಬೆರಳು ನಿಂತಿತು.

ಫ್ಯಾನು ತಿರುಗುತ್ತಿತ್ತು. ಪಕ್ಕದ ಕಂಪ್ಯೂಟರಿನಲ್ಲಿ ಯಾರೋ ರೈಲಿನ ಟಿಕೆಟ್ ತೆಗೆಸುತ್ತಿದ್ದರು. ಅಕ್ಕ ಪರದೆಯನ್ನು ನೋಡಿದಳು, ಆಮೇಲೆ ಬುಗುರಿಯನ್ನು ನೋಡಿದಳು, ಮತ್ತೆ ಪರದೆಯನ್ನು ನೋಡಿದಳು. ಎರಡನೆಯದು ಎಂದು ಹಾಕಿದರೂ ಆಗುತ್ತದೇನೋ ಎಂದು ಮೆಲ್ಲಗೆ ಅಂದಳು. ಬುಗುರಿಗೆ ಕೇಳಿಸಲೆಂದು ಅಂದಳೋ, ತನಗೇ ಅಂದುಕೊಂಡಳೋ.

ಬುಗುರಿಯ ಕಾಲು ಕುರ್ಚಿಯ ಕೆಳಗೆ ಅಲ್ಲಾಡುತ್ತಿತ್ತು. ಅದು ನಿಂತಿತು.

"ಒಂದು ಅಂತ ಒತ್ತು ಅಕ್ಕ."

ಅಕ್ಕ ಅವಳನ್ನೇ ನೋಡಿದಳು. "ನಿಜವಾಗ್ಲೂ?"

"ಒತ್ತು. ಅವನು ಶಟರ್ ಎಳೀತಾನೆ."

ಅಕ್ಕ ಒತ್ತಿದಳು.

ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಅಕ್ಕ ಬಹಳ ದಿನಗಳ ನಂತರ ಒಂದೇ ಸಮನೆ ಮಾತಾಡುತ್ತಿದ್ದಳು. ಸೀಟು ಸಿಗದೇ ಹೋದರೂ ಹೋಗಲಿ, ಸಿಕ್ಕರೆ ಸ್ವೆಟರ್ ಬೇಕಾಗುತ್ತದೆ, ಅಲ್ಲಿ ಚಳಿಯಂತೆ, ರೈಲಿನಲ್ಲಿ ಮೇಲಿನ ಬರ್ತ್ ಸಿಕ್ಕರೆ ಚೆನ್ನಾಗಿರುತ್ತದೆ. ಬುಗುರಿ ಕೇಳುತ್ತ ನಡೆದಳು. ಮೇಲಿನ ಬರ್ತಿಗೆ ಏಣಿ ಇರುತ್ತದಾ ಎಂದು ಕೇಳಿದಳು.

ಮುಖ್ಯ ರಸ್ತೆಗೆ ಬಂದರು. ವಾಹನಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅಕ್ಕ ಮಾತು ನಿಲ್ಲಿಸದೆಯೇ, ನೋಡದೆಯೇ, ಅವಳ ಕಡೆಗೆ ಕೈ ಚಾಚಿದಳು.

ಬುಗುರಿ ಮೊದಲು ಬಲಕ್ಕೆ ನೋಡಿದಳು. ಎಡಕ್ಕೆ ನೋಡಿದಳು. ಮತ್ತೊಮ್ಮೆ ಬಲಕ್ಕೆ ನೋಡಿದಳು. ದೂರದಲ್ಲಿ ಒಂದು ಬಸ್ಸು ಮಾತ್ರ ಇತ್ತು, ದಾಟಬಹುದು. ಅದು ಅವಳಿಗೆ ತಾನಾಗಿಯೇ ಗೊತ್ತಾಯಿತು.

ಆಮೇಲೆ ಅಕ್ಕನ ಕೈ ಹಿಡಿದುಕೊಂಡಳು.